ನೀರು ಬಿಡದ ನುಗ್ಗೆಸೊಪ್ಪು–ತರಕಾರಿ ಮೊಟ್ಟೆ ಪಲ್ಯ

ತರಕಾರಿ ಹಾಕಿ ಮಾಡಿದ ಮೊಟ್ಟೆ ಪಲ್ಯ ಬಾಣಲೆಯಲ್ಲಿ ಇದ್ದಾಗ ಚೆನ್ನಾಗಿಯೇ ಕಾಣುತ್ತದೆ. ತಟ್ಟೆಗೆ ಬಡಿಸಿ ಎರಡು ನಿಮಿಷ ಆಗುವಷ್ಟರಲ್ಲಿ ಅಂಚಿನಲ್ಲಿ ತೆಳ್ಳನೆಯ ಹಳದಿ ನೀರು ನಿಲ್ಲುತ್ತದೆ. ಚಪಾತಿ ನೆನೆಯುತ್ತದೆ, ಪಲ್ಯ ಸಪ್ಪೆಯಾಗುತ್ತದೆ, ಮೊಟ್ಟೆ ಮಾತ್ರ ಗಟ್ಟಿ ಗಟ್ಟಿ ತುಣುಕಾಗಿ ಉಳಿಯುತ್ತದೆ. ಮಸಾಲೆ ಬದಲಿಸಿದರೆ ಇದು ಸರಿಹೋಗುವುದಿಲ್ಲ. ತರಕಾರಿಯ ನೀರು ಆರುವ ಮೊದಲೇ ಮೊಟ್ಟೆ ಸುರಿದದ್ದು ಒಂದು ಕಾರಣ, ಮೊಟ್ಟೆ ಬಿದ್ದ ಮೇಲೂ ಉರಿ ತಗ್ಗಿಸದೆ ಹುರಿಯುತ್ತಲೇ ಇದ್ದದ್ದು ಇನ್ನೊಂದು. ಈ ಪಲ್ಯದಲ್ಲಿ ಕಲಿಯಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ನಿಮ್ಮ ಮನೆಯ ರುಚಿಗೆ ಬಿಟ್ಟದ್ದು.

ನೀರಿನ ಲೆಕ್ಕ ಒಮ್ಮೆ ನೋಡಿಬಿಡೋಣ. ಬೀನ್ಸ್, ಕ್ಯಾರೆಟ್, ಈರುಳ್ಳಿ ಇವುಗಳ ತೂಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ 90 ಪಾಲು ನೀರೇ. ಟೊಮೆಟೊ, ಹೀರೆಕಾಯಿಯಲ್ಲಿ 94–95 ಪಾಲು. ನುಗ್ಗೆಸೊಪ್ಪಿನಲ್ಲಿ ಮಾತ್ರ ಮುಕ್ಕಾಲು ಪಾಲಿನಷ್ಟು. ಅದಕ್ಕೇ ಮೊಟ್ಟೆಯ ಜೊತೆ ನುಗ್ಗೆಸೊಪ್ಪು ಅಷ್ಟು ಚೆನ್ನಾಗಿ ಹೊಂದಿಕೊಳ್ಳುವುದು. ಅದು ಬಾಣಲೆಯಲ್ಲಿ ನೀರು ಬಿಟ್ಟು ಕೂರುವುದಿಲ್ಲ. ಇನ್ನು ಮೊಟ್ಟೆಯ ವಿಷಯ. ಬಿಳಿ ಭಾಗ 60 ಡಿಗ್ರಿ ಸೆಲ್ಸಿಯಸ್ ದಾಟಿದ ಕೂಡಲೇ ಹೆಪ್ಪುಗಟ್ಟಲು ಶುರುವಾಗುತ್ತದೆ, ಹಳದಿ 65ರಿಂದ 70 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಅಂದರೆ ನೀರು ಕುದಿಯುವಷ್ಟು ಬಿಸಿಯೂ ಮೊಟ್ಟೆಗೆ ಬೇಕಿಲ್ಲ. 70 ಡಿಗ್ರಿಗಿಂತ ಬಹಳ ಮೇಲೆ ಹೋದರೆ ಮೊಟ್ಟೆಯ ಪ್ರೋಟೀನು ಬಿಗಿದುಕೊಂಡು ತನ್ನೊಳಗೆ ಹಿಡಿದಿಟ್ಟಿದ್ದ ನೀರನ್ನು ತಾನೇ ಹಿಂಡಿ ಹೊರಗೆ ಹಾಕುತ್ತದೆ. ತಟ್ಟೆಯ ಅಂಚಿನ ಆ ನೀರಿನಲ್ಲಿ ತರಕಾರಿಯ ಪಾಲೂ ಇದೆ, ಅತಿಯಾಗಿ ಬೆಂದ ಮೊಟ್ಟೆಯ ಪಾಲೂ ಇದೆ.

ಇಬ್ಬರಿಗೆ ಬೇಕಾದ ಅಳತೆ

ಮೊಟ್ಟೆ 4. ಮಧ್ಯಮ ಗಾತ್ರದ ಈರುಳ್ಳಿ 1, ಸುಮಾರು 80 ಗ್ರಾಂ. ಎಳೆ ಬೀನ್ಸ್ 8ರಿಂದ 10, ಸುಮಾರು 50 ಗ್ರಾಂ. ಸಣ್ಣ ಕ್ಯಾರೆಟ್ 1, ಅದೂ 50 ಗ್ರಾಂ. ಬಿಡಿಸಿದ ನುಗ್ಗೆಸೊಪ್ಪು ಎರಡು ಹಿಡಿ, ತೂಗಿದರೆ 30 ಗ್ರಾಂ ಆಸುಪಾಸು. ಹಸಿಮೆಣಸಿನಕಾಯಿ 2, ಬೆಳ್ಳುಳ್ಳಿ 4 ಎಸಳು, ಕರಿಬೇವು ಒಂದು ಕಡ್ಡಿ. ಸಾಸಿವೆ ಅರ್ಧ ಚಮಚ, ಜೀರಿಗೆ ಅರ್ಧ ಚಮಚ, ಅರಿಶಿನ ಕಾಲು ಚಮಚ, ಆಗಷ್ಟೇ ಕುಟ್ಟಿದ ಕಾಳುಮೆಣಸಿನ ಪುಡಿ ಅರ್ಧ ಚಮಚ. ಪುಡಿ ಉಪ್ಪು ಅರ್ಧ ಚಮಚಕ್ಕೆ ಸ್ವಲ್ಪ ಮೇಲೆ. ಎಣ್ಣೆ 2 ಚಮಚ. ಕೊನೆಗೆ ನಿಂಬೆರಸ 1 ಚಮಚ. ಇಲ್ಲಿ ಚಮಚ ಅಂದರೆ 5 ಮಿಲಿ ಹಿಡಿಯುವ ಚಹಾ ಚಮಚ. ಬಾಣಲೆ ಅಗಲವಾಗಿರಲಿ, ತಳ 10 ಇಂಚಿನಷ್ಟಿದ್ದರೆ ಸರಿ.

ಒಂದು ಮೊಟ್ಟೆಗೆ 50 ಗ್ರಾಂ ಹಸಿ ತರಕಾರಿ ಎಂಬ ಲೆಕ್ಕ ನೆನಪಿನಲ್ಲಿದ್ದರೆ ಸಾಕು, ಎಷ್ಟು ಜನಕ್ಕೆ ಬೇಕಾದರೂ ಮಾಡಬಹುದು. ಒಡೆದ ಒಂದು ಮೊಟ್ಟೆ ಸಿಪ್ಪೆ ಬಿಟ್ಟು 45 ಗ್ರಾಂ ಇರುತ್ತದೆ. ಬೆಂದು ಕುಗ್ಗಿದ ತರಕಾರಿ 35–40 ಗ್ರಾಮಿಗೆ ಇಳಿಯುತ್ತದೆ. ಆ ಹದದಲ್ಲಿ ಪ್ರತಿ ತುತ್ತಿನಲ್ಲೂ ಎರಡೂ ಸಿಗುತ್ತವೆ. ತರಕಾರಿ ಇದರ ಎರಡರಷ್ಟಾದರೆ ಮೊಟ್ಟೆ ಅದಕ್ಕೆ ತೆಳುವಾಗಿ ಅಂಟಿಕೊಂಡು ಕಾಣದಂತಾಗುತ್ತದೆ. ತಿನ್ನಲು ಅಡ್ಡಿಯಿಲ್ಲ, ಆದರೆ ಆ ತೆಳು ಪದರ ಕ್ಷಣದಲ್ಲಿ ಒಣಗಿ ಪುಡಿಪುಡಿಯಾಗುತ್ತದೆ. ನಾಟಿ ಕೋಳಿ ಮೊಟ್ಟೆ ಫಾರಂ ಮೊಟ್ಟೆಗಿಂತ ಚಿಕ್ಕದು, ಹಾಗಾಗಿ ನಾಲ್ಕರ ಬದಲು ಐದು ಹಾಕಿ. ಸಿಪ್ಪೆ ಕಂದು ಅಥವಾ ಬಿಳಿ ಆಗಿರುವುದು ಕೋಳಿಯ ತಳಿಯಿಂದ. ಅದರಿಂದ ಪೌಷ್ಟಿಕತೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಹಳದಿ ಕಡುಬಣ್ಣದ್ದಾಗುವುದು ಕೋಳಿ ತಿಂದ ಮೆಕ್ಕೆಜೋಳ, ಹಸಿರು ಮೇವಿನಿಂದ.

ಸೊಪ್ಪು ಬಿಡಿಸುವುದು, ತರಕಾರಿ ಹೆಚ್ಚುವುದು

ಬೆಳಿಗ್ಗೆ ನುಗ್ಗೆಸೊಪ್ಪು ಯಾರು ಬಿಡಿಸುತ್ತಾ ಕೂರುತ್ತಾರೆ ಎಂದು ಬಹಳ ಮಂದಿ ಅದರ ಗೋಜಿಗೇ ಹೋಗುವುದಿಲ್ಲ. ಹಿಂದಿನ ರಾತ್ರಿ ಕಡ್ಡಿಗಳನ್ನು ತೊಳೆಯದೆ, ಒಣಗಿದ ಹತ್ತಿ ಬಟ್ಟೆಯಲ್ಲಿ ಅಥವಾ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಹೊರಗೇ ಇಡಿ. ಬೆಳಿಗ್ಗೆ ಬಟ್ಟೆ ಬಿಚ್ಚಿ ಕಡ್ಡಿ ಕೊಡವಿದರೆ ಹೆಚ್ಚಿನ ಎಲೆ ತಾನೇ ಉದುರುತ್ತದೆ. ಎಲೆಯ ಜೊತೆ ಬರುವ ಸಣ್ಣ ಕಡ್ಡಿಗಳನ್ನು ಮಾತ್ರ ತಾಳ್ಮೆಯಿಂದ ಆರಿಸಿ ತೆಗೆಯಿರಿ. ಅವು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಮಕ್ಕಳ ಗಂಟಲಿಗೆ ಚುಚ್ಚುತ್ತವೆ. ಆಮೇಲೆ ಅಗಲ ಪಾತ್ರೆಯಲ್ಲಿ ನೀರು ತುಂಬಿ ಎಲೆ ಮುಳುಗಿಸಿ, ಮೇಲಿಂದ ಎತ್ತಿ ಜಾಲರಿಗೆ ಹಾಕಿ. ಪಾತ್ರೆಯನ್ನೇ ಬಗ್ಗಿಸಿ ಬಸಿದರೆ ಅಡಿಗೆ ಕುಳಿತ ಮಣ್ಣು ಮತ್ತೆ ಎಲೆಗೇ ಹತ್ತುತ್ತದೆ. ತೊಳೆದ ಸೊಪ್ಪು ಹತ್ತು ನಿಮಿಷವಾದರೂ ಸೋರಲಿ. ಎಳೆ ಎಲೆ ತಿಳಿಹಸಿರಾಗಿ ಮೃದುವಾಗಿರುತ್ತದೆ. ಬಲಿತ ಎಲೆ ಕಡುಹಸಿರು, ಕಹಿ ಜಾಸ್ತಿ. ಬಲಿತದ್ದೇ ಸಿಕ್ಕರೆ ಎರಡು ಹಿಡಿಯ ಬದಲು ಒಂದೇ ಹಿಡಿ ಹಾಕಿ, ಒಂದು ಚಮಚ ಕಾಯಿತುರಿ ಸೇರಿಸಿ.

ಬೀನ್ಸನ್ನು ಸಾಧ್ಯವಾದಷ್ಟು ಸಣ್ಣಗೆ, ಕಡಲೆಬೇಳೆಗಿಂತ ದೊಡ್ಡದಾಗದಂತೆ ಹೆಚ್ಚಿ. ಈ ಪಲ್ಯದಲ್ಲಿ ಬೇಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಅದೇ. ಕ್ಯಾರೆಟ್ಟನ್ನೂ ಅದೇ ಗಾತ್ರಕ್ಕೆ ಹೆಚ್ಚಿ, ತುರಿಯಬೇಡಿ. ತುರಿದಾಗ ಅದರ ಕೋಶಗಳೆಲ್ಲ ಒಡೆದು ರಸ ಹೊರಗೆ ಬರುತ್ತದೆ, ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಈರುಳ್ಳಿ ಸಣ್ಣ ಚೂರು. ಬೆಳ್ಳುಳ್ಳಿ ಜಜ್ಜಿದರೆ ಸಾಕು. ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿಕೊಂಡು ಹೆಚ್ಚುವುದು ಒಳ್ಳೆಯದು, ಮೇಲ್ಮೈ ನೀರು ಅಲ್ಲಿಯೇ ಹೋಗುತ್ತದೆ.

ಮೊಟ್ಟೆಯನ್ನು ಫ್ರಿಜ್‌ನಿಂದ ಮೊದಲೇ ತೆಗೆದಿಡಿ. ತೊಳೆಯುವುದಿದ್ದರೆ ಒಡೆಯುವ ಮುಂಚೆ ತೊಳೆಯಿರಿ, ತಂದ ದಿನವೇ ತೊಳೆದು ಇಡಬೇಡಿ. ಸಿಪ್ಪೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ಅವನ್ನು ಮುಚ್ಚಿರುವ ಸಹಜ ಪೊರೆ ನೀರಿನಲ್ಲಿ ಹೋಗಿಬಿಡುತ್ತದೆ. ಪ್ರತಿ ಮೊಟ್ಟೆಯನ್ನೂ ಮೊದಲು ಒಂದು ಬಟ್ಟಲಿಗೆ ಒಡೆದು ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸೇರಿಸಿ. ನಾಲ್ಕನೆಯದು ಕೆಟ್ಟಿದ್ದರೆ ಮೊದಲ ಮೂರೂ ಹಾಳಾಗುವುದು ಇದರಿಂದ ತಪ್ಪುತ್ತದೆ. ಅನುಮಾನವಿದ್ದ ಮೊಟ್ಟೆಯನ್ನು ಒಡೆಯುವ ಮೊದಲು ನೀರಿಗೆ ಬಿಡಿ. ಹೊಸದು ತಳದಲ್ಲಿ ಅಡ್ಡಡ್ಡ ಮಲಗುತ್ತದೆ. ಸ್ವಲ್ಪ ಹಳೆಯದು ತಳದಲ್ಲೇ ನೆಟ್ಟಗೆ ನಿಲ್ಲುತ್ತದೆ, ಅದು ಪಲ್ಯಕ್ಕೆ ನಡೆಯುತ್ತದೆ. ತೇಲಿದ್ದನ್ನು ಬಿಟ್ಟುಬಿಡಿ.

ಮೊದಲು ತರಕಾರಿ ಒಣಗಲಿ

ತರಕಾರಿ ಹೆಚ್ಚಲು ಕೂರುವ ಮೊದಲೇ ಮೊಟ್ಟೆಗೆ ಒಂದು ಚಿಟಿಕೆ ಉಪ್ಪು ಹಾಕಿ ಫೋರ್ಕಿನಿಂದ 20 ಸೆಕೆಂಡು ಕಲಕಿ ಬದಿಗಿಡಿ. ಹದಿನೈದು ನಿಮಿಷ ಕಳೆಯುವಾಗ ಅದರ ಬಣ್ಣ ಸ್ವಲ್ಪ ಕಡುವಾಗಿ, ತೆಳ್ಳಗಾಗಿ ಕಾಣುತ್ತದೆ. ಕೆಟ್ಟಿತೆಂದು ಗಾಬರಿ ಬೇಡ. ಹೀಗೆ ಮೊದಲೇ ಉಪ್ಪು ಹಿಡಿದ ಮೊಟ್ಟೆ ಬೆಂದಾಗ ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಮೆತ್ತಗಿರುತ್ತದೆ. ಹಾಲು ಹಾಕುವ ಅಭ್ಯಾಸ ಕೆಲವರಿಗಿದೆ. ತರಕಾರಿ ಇಲ್ಲದ ಬುರ್ಜಿಗೆ ಅದು ಒಪ್ಪಬಹುದು, ಇಲ್ಲಿ ಬೇಡವೇ ಬೇಡ. ನೀರು ಹೋಗಲಿ ಎಂದು ಇಷ್ಟೆಲ್ಲ ಮಾಡಿ ಮತ್ತೆ ನೀರನ್ನೇ ಸುರಿದಂತಾಗುತ್ತದೆ.

ಬಾಣಲೆ ಕಾಯಿಸಿ ಎಣ್ಣೆ ಹಾಕಿ. ಸಾಸಿವೆ ಸಿಡಿದ ಮೇಲೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು. ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗುವಾಗ ಈರುಳ್ಳಿ ಸೇರಿಸಿ ಮಧ್ಯಮ ಉರಿಯಲ್ಲಿ ಮೂರು ನಿಮಿಷ ಹುರಿಯಿರಿ. ಈರುಳ್ಳಿ ಕೆಂಪಾಗುವುದು ಬೇಡ, ಪಾರದರ್ಶಕವಾದರೆ ಸಾಕು. ಕೆಂಪಗೆ ಹುರಿದ ಈರುಳ್ಳಿಯ ಸಿಹಿ ನುಗ್ಗೆಸೊಪ್ಪಿನ ಪರಿಮಳವನ್ನು ಮುಚ್ಚಿಬಿಡುತ್ತದೆ.

ಈಗ ಬೀನ್ಸ್, ಕ್ಯಾರೆಟ್, ಅರಿಶಿನ, ಉಳಿದ ಉಪ್ಪು ಅಷ್ಟನ್ನೂ ಹಾಕಿ. ಉಪ್ಪು ಈ ಹಂತದಲ್ಲೇ ಬೀಳಬೇಕು. ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಆ ನೀರು ಮೊಟ್ಟೆ ಬರುವ ಮೊದಲೇ ಹೊರಬಂದು ಆವಿಯಾಗಲಿ. ಕೊನೆಯಲ್ಲಿ ಉಪ್ಪು ಉದುರಿಸಿದರೆ ಅದೇ ಕೆಲಸ ತಟ್ಟೆಯ ಮೇಲೆ ನಡೆಯುತ್ತದೆ. ಎರಡು ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ನೀರು ಬೇಡವೆಂದು ಹೇಳಿ ಇಲ್ಲಿ ನೀರು ಹಾಕಿಸುವುದೇಕೆ ಎಂದರೆ, ಬೀನ್ಸ್ ಎಣ್ಣೆಯಲ್ಲಿ ಮಾತ್ರ ಬೇಯಬೇಕಾದರೆ ಎಣ್ಣೆ ಮೂರು ಪಟ್ಟು ಬೇಕಾಗುತ್ತದೆ. ಆವಿಯಲ್ಲಿ ಬೆಂದರೆ ಎರಡೇ ಚಮಚ ಎಣ್ಣೆ ಸಾಕು. ಒಂದು ಬೀನ್ಸ್ ಚೂರು ಕಚ್ಚಿ ನೋಡಿ: ಹಸಿತನ ಹೋಗಿ, ಹಲ್ಲಿಗೆ ಸ್ವಲ್ಪ ತಡೆ ಇರಬೇಕು. ಮೊಟ್ಟೆ ಬಿದ್ದ ಮೇಲೆ ಬೀನ್ಸ್ ಬೇಯಲು ಸಮಯವೇ ಸಿಗುವುದಿಲ್ಲ, ಆದ್ದರಿಂದ ಇಲ್ಲಿ ಬೇಯದಿದ್ದರೆ ಎಲ್ಲಿಯೂ ಬೇಯುವುದಿಲ್ಲ.

ಮುಚ್ಚಳ ತೆಗೆದು ಉರಿ ಏರಿಸಿ. ಮುಚ್ಚಳದ ಒಳಬದಿಯ ನೀರು ಬಾಣಲೆಗೆ ಬೀಳದಂತೆ ಓರೆ ಮಾಡದೆ ಎತ್ತಿ. ಎರಡು ನಿಮಿಷ ಕೈಯಾಡಿಸುತ್ತಾ ಹುರಿದ ಮೇಲೆ ನುಗ್ಗೆಸೊಪ್ಪು ಹಾಕಿ, ಮತ್ತೆ ಮೂರು ನಿಮಿಷ. ಸೊಪ್ಪು ಹಾಕಿದ ಮೇಲೆ ಮುಚ್ಚಬೇಡಿ, ಹಸಿರು ಬಣ್ಣ ಮಾಸುತ್ತದೆ, ಆವಿಯೂ ಒಳಗೇ ನಿಲ್ಲುತ್ತದೆ.

ಒಣಗಿತೋ ಇಲ್ಲವೋ ತಿಳಿಯಲು ಗಡಿಯಾರಕ್ಕಿಂತ ಕಿವಿ ಮೇಲು. ನೀರಿರುವಾಗ ಬಾಣಲೆಯಿಂದ ಕುದಿಯುವ ಗುಳುಗುಳು ಸದ್ದು ಬರುತ್ತದೆ, ಆವಿ ಏಳುತ್ತಿರುತ್ತದೆ. ನೀರು ಮುಗಿಯುತ್ತಿದ್ದಂತೆ ಸದ್ದು ಸಣ್ಣಗಾಗಿ ಎಣ್ಣೆಯ ಚಟಚಟಕ್ಕೆ ತಿರುಗುತ್ತದೆ. ಆಗ ಸಟ್ಟುಗದಿಂದ ಪಲ್ಯದ ನಡುವೆ ತಳ ಕಾಣುವಂತೆ ಒಂದು ಗೆರೆ ಎಳೆಯಿರಿ. ಐದು ಸೆಕೆಂಡು ಕಾದರೂ ಆ ಗೆರೆಯೊಳಗೆ ನೀರು ಜಿನುಗದಿದ್ದರೆ ಮೊಟ್ಟೆಗೆ ಸಮಯವಾಯಿತು. ಜಿನುಗಿದರೆ ಇನ್ನೊಂದು ನಿಮಿಷ. ಈ ಒಂದು ನಿಮಿಷವನ್ನು ಉಳಿಸಲು ಹೋದವರ ಪಲ್ಯವೇ ನೀರಾಗುವುದು.

ಮೊಟ್ಟೆ ಬಿದ್ದ ಮೇಲೆ

ಉರಿಯನ್ನು ಪೂರ್ತಿ ಸಣ್ಣದು ಮಾಡಿ, ಅರ್ಧ ನಿಮಿಷ ಬಾಣಲೆ ತಣಿಯಲು ಬಿಡಿ. ದಪ್ಪ ತಳದ ಬಾಣಲೆಯಾದರೆ ಸ್ಟವ್ ಆರಿಸಿಯೇ ಅರ್ಧ ನಿಮಿಷ ಕಾದು ಮತ್ತೆ ಹಚ್ಚಿ. ತರಕಾರಿಯನ್ನು ಸಮನಾಗಿ ಹರಡಿ, ಕಲಕಿದ ಮೊಟ್ಟೆಯನ್ನು ಅಂಚಿನಿಂದ ನಡುವಿನವರೆಗೆ ಸುತ್ತುತ್ತಾ ಸುರಿಯಿರಿ. ಸುರಿದ ಕೂಡಲೇ ಕೈಯಾಡಿಸಬೇಡಿ. 30 ಸೆಕೆಂಡು ಹಾಗೆಯೇ ಬಿಟ್ಟರೆ ತಳದಲ್ಲಿ ಮೆತ್ತನೆಯ ಹಾಳೆಯಂತೆ ಒಂದು ಪದರ ಕೂರುತ್ತದೆ. ಅದನ್ನು ಅಡಿಯಿಂದ ಎತ್ತಿ ಮಡಚಿ, ಮೇಲಿನ ಹಸಿ ಭಾಗ ತಳಕ್ಕೆ ಹರಿಯಲು ಬಿಡಿ. ಮತ್ತೆ ಹತ್ತಿಪ್ಪತ್ತು ಸೆಕೆಂಡು ಕಾಯಿರಿ, ಮತ್ತೆ ಮಡಚಿ. ಹೀಗೆ ನಾಲ್ಕೈದು ಸಲ. ಒಟ್ಟು ಎರಡು ನಿಮಿಷದ ಕೆಲಸ. ಸುರಿದಾಗಿನಿಂದ ಕಲಕುತ್ತಲೇ ಇದ್ದರೆ ಮೊಟ್ಟೆ ರವೆಯಷ್ಟು ಸಣ್ಣ ತುಣುಕಾಗಿ, ಒಂದೊಂದು ತುಣುಕೂ ಬೇರೆಬೇರೆಯಾಗಿ ಒಣಗುತ್ತದೆ.

ಹರಿಯುವ ಹಸಿ ಮೊಟ್ಟೆ ಎಲ್ಲಿಯೂ ಕಾಣದೆ, ಮೇಲ್ಮೈ ಮಾತ್ರ ಇನ್ನೂ ಹೊಳೆಯುತ್ತಿರುವಾಗ ಸ್ಟವ್ ಆರಿಸಿ. ಆ ಹೊಳಪು ಹೋಗುವವರೆಗೆ ಉರಿಯಲ್ಲಿಟ್ಟರೆ ಬಡಿಸುವಾಗ ರಬ್ಬರಿನಂತಾಗಿರುತ್ತದೆ, ಏಕೆಂದರೆ ಬಾಣಲೆಯ ಬಿಸಿ ಇನ್ನೂ ಒಂದು ನಿಮಿಷ ಅದನ್ನು ಬೇಯಿಸುತ್ತಲೇ ಇರುತ್ತದೆ. ಕಾಳುಮೆಣಸಿನ ಪುಡಿ ಹಾಕಿ ಒಮ್ಮೆ ಮಗುಚಿ. ನಿಂಬೆರಸವನ್ನು ತಟ್ಟೆಯಲ್ಲೇ ಹಿಂಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಇದ್ದರೆ ಅವರ ಪಾಲನ್ನು ಹೊಳಪು ಹೋಗುವವರೆಗೂ ಬೇಯಿಸಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯಲು ಮೊಟ್ಟೆಯ ಒಳಭಾಗ 71 ಡಿಗ್ರಿ ತಲುಪಬೇಕು, ಅವರ ವಿಷಯದಲ್ಲಿ ರುಚಿಗಿಂತ ಅದು ಮುಖ್ಯ.

ಮೊಟ್ಟೆ ಕಲಕದೆ ನೇರವಾಗಿ ತರಕಾರಿಯ ಮೇಲೆ ಒಡೆದು ಹಾಕುವ ರೂಢಿಯೂ ಇದೆ. ಅದರಲ್ಲಿ ಬಿಳಿ ಒಂದು ಕಡೆ, ಹಳದಿ ಒಂದು ಕಡೆ ತುಣುಕು ತುಣುಕಾಗಿ ಸಿಗುತ್ತದೆ, ತಿನ್ನಲು ಸೊಗಸು. ನನ್ನ ಮಟ್ಟಿಗೆ ರಾಗಿ ರೊಟ್ಟಿ, ಜೋಳದ ರೊಟ್ಟಿಯ ಜೊತೆಗೆ ಈ ಬಗೆಯದೇ ಹೆಚ್ಚು ಹೊಂದುತ್ತದೆ. ಚಪಾತಿಯೊಳಗೆ ಸುತ್ತಿಕೊಡುವುದಿದ್ದರೆ ಕಲಕಿದ್ದೇ ಸರಿ, ಉದುರುವುದಿಲ್ಲ. ಒಡೆದು ಹಾಕಿದಾಗ ಬಿಳಿ ಅರ್ಧ ಗಟ್ಟಿಯಾದ ಮೇಲೆ ಹಳದಿಯನ್ನು ಒಡೆಯಿರಿ.

ಬಾಣಲೆ ಯಾವುದು

ಪಳಗಿದ ಬೀಡಿನ (ಎರಕದ ಕಬ್ಬಿಣದ) ಬಾಣಲೆಯಲ್ಲಿ ಈ ಪಲ್ಯ ಎಲ್ಲಕ್ಕಿಂತ ರುಚಿ. ಆದರೆ ಕಬ್ಬಿಣದಲ್ಲಿ ಎರಡು ಎಚ್ಚರ ಬೇಕು. ಒಂದು, ಟೊಮೆಟೊ, ನಿಂಬೆ, ಹುಣಸೆ ಅದರೊಳಗೆ ಬೀಳಬಾರದು. ಹುಳಿಗೆ ಕಬ್ಬಿಣ ಕರಗಿ ಪಲ್ಯ ಕಪ್ಪಾಗುತ್ತದೆ, ಲೋಹದ ರುಚಿ ಬರುತ್ತದೆ. ಎರಡು, ಬೆಂದ ಮೊಟ್ಟೆಯನ್ನು ಅದರಲ್ಲೇ ಬಿಡಬಾರದು. ಮೊಟ್ಟೆಯಲ್ಲಿ ಗಂಧಕದ ಅಂಶವಿದೆ, ಅದು ಕಬ್ಬಿಣದ ಜೊತೆ ಸೇರಿದರೆ ಬೂದು–ಹಸಿರು ಬಣ್ಣಕ್ಕೆ ತಿರುಗುತ್ತದೆ. ಹೆಚ್ಚು ಹೊತ್ತು ಬೇಯಿಸಿದ ಮೊಟ್ಟೆಯ ಹಳದಿಯ ಸುತ್ತ ಕಾಣುವ ಹಸಿರು ಬಳೆಯೂ ಇದೇ. ತಿಂದರೆ ತೊಂದರೆಯಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಪಲ್ಯ ಆದ ಕೂಡಲೇ ಸ್ಟೀಲ್ ಪಾತ್ರೆಗೆ ಬದಲಿಸಿ.

ಸ್ಟೀಲ್ ಬಾಣಲೆಯಲ್ಲಿ ಮೊಟ್ಟೆ ಅಂಟುವುದು ಬಾಣಲೆ ಕಾಯದೆ ಎಣ್ಣೆ ಹಾಕಿದಾಗ. ಖಾಲಿ ಬಾಣಲೆಗೆ ನಾಲ್ಕು ಹನಿ ನೀರು ಬಿಟ್ಟರೆ ಅವು ಮಣಿಗಳಾಗಿ ಉರುಳಾಡಬೇಕು. ಆಗ ಒರೆಸಿ ಎಣ್ಣೆ ಹಾಕಿ. ತರಕಾರಿ ತಳ ಹಿಡಿದಿದ್ದರೆ ಮೊಟ್ಟೆ ಸುರಿಯುವ ಮೊದಲು ಅದನ್ನು ಕೆರೆದು ತೆಗೆಯಲೇಬೇಕು, ಮೊಟ್ಟೆ ಮೊದಲು ಅಂಟುವುದು ಅಲ್ಲಿಯೇ. ನಾನ್‌ಸ್ಟಿಕ್ ಆದರೆ ಖಾಲಿ ಕಾಯಿಸಬೇಡಿ, ಮರದ ಸಟ್ಟುಗವನ್ನೇ ಬಳಸಿ.

ಬೇರೆ ತರಕಾರಿ ಹಾಕುವುದಾದರೆ

ಪಾಲಕ್ ಹಾಕಬಹುದು, ಆದರೆ ಅದು ಈ ಪಲ್ಯಕ್ಕೆ ಅತಿ ಕಷ್ಟದ ಸೊಪ್ಪು. ಹೆಚ್ಚಿ ನೇರವಾಗಿ ಹಾಕಿದರೆ ಬಾಣಲೆ ತುಂಬ ಹಸಿರು ನೀರು. ಮೊದಲು ಬೇರೆಯಾಗಿ ಒಂದೆರಡು ನಿಮಿಷ ಬಾಡಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಂಡಿ, ಆಮೇಲೆ ಹೆಚ್ಚಿ ಹಾಕಿ. ದಂಟಿನ ಸೊಪ್ಪು ಅಷ್ಟು ನೀರು ಬಿಡುವುದಿಲ್ಲ, ಎಲೆ ಮಾತ್ರ ಹಾಕಿದರೆ ನಾಲ್ಕು ನಿಮಿಷದಲ್ಲಿ ಒಣಗುತ್ತದೆ. ಮೆಂತ್ಯ ಸೊಪ್ಪು ಜೋಳದ ರೊಟ್ಟಿಯ ಜೊತೆ ಬಲು ರುಚಿ. ನಾಲ್ಕು ಮೊಟ್ಟೆಗೆ ಒಂದು ಹಿಡಿಗಿಂತ ಹೆಚ್ಚು ಬೇಡ, ಕಹಿ ಮೇಲಾಗುತ್ತದೆ.

ಎಲೆಕೋಸನ್ನು ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚಿ ದೊಡ್ಡ ಉರಿಯಲ್ಲಿ ಹುರಿಯಿರಿ. ಮುಚ್ಚಿ ಹೆಚ್ಚು ಹೊತ್ತು ಬೇಯಿಸಿದರೆ ಅದರ ಗಂಧಕದ ವಾಸನೆಯೂ ಮೊಟ್ಟೆಯ ವಾಸನೆಯೂ ಸೇರಿ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ಮೂಲಂಗಿಯನ್ನು ಇದೇ ಕಾರಣಕ್ಕೆ ನಾನು ಮೊಟ್ಟೆಗೆ ಸೇರಿಸುವುದಿಲ್ಲ. ದಪ್ಪ ಮೆಣಸಿನಕಾಯಿ ಬೇಗ ಬೇಯುತ್ತದೆ, ಬೀನ್ಸ್ ಬೆಂದ ಮೇಲೆ ಸೇರಿಸಿ ಎರಡೇ ನಿಮಿಷ ಹುರಿದರೆ ಸಾಕು. ಅಣಬೆಯನ್ನು ಬೇರೆಯಾಗಿ, ಉಪ್ಪಿಲ್ಲದೆ, ದೊಡ್ಡ ಉರಿಯಲ್ಲಿ ನೀರು ಬಿಟ್ಟು ಮತ್ತೆ ಆರುವವರೆಗೆ ಹುರಿದು ಕೊನೆಗೆ ಸೇರಿಸಿ. ಟೊಮೆಟೊ ಬೇಕೇಬೇಕು ಅನ್ನುವವರು ಬೀಜದ ಲೋಳೆ ತೆಗೆದು, ಗಟ್ಟಿ ಭಾಗವನ್ನು ಮಾತ್ರ ಈರುಳ್ಳಿಯ ಜೊತೆ ಎಣ್ಣೆ ಬಿಡುವವರೆಗೆ ಬಾಡಿಸಲಿ. ಅರ್ಧ ಟೊಮೆಟೊ ಸಾಕು. ಹೀರೆಕಾಯಿ, ಸೋರೆಕಾಯಿ, ಸೀಮೆಬದನೆ ಇವನ್ನು ತುರಿದು ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಹಿಂಡಿದರೆ ಮಾತ್ರ ಹಾಕಿ; ಹಿಂಡಿದ ನೀರನ್ನು ಚಪಾತಿ ಹಿಟ್ಟಿಗೆ ಸೇರಿಸಬಹುದು, ಅದರಲ್ಲಿ ಉಪ್ಪಿದೆ ಎಂಬುದು ನೆನಪಿರಲಿ.

ಕರಾವಳಿಯವರಿಗೆ ಕೊಬ್ಬರಿ ಎಣ್ಣೆ, ಕಾಯಿತುರಿ ಇಲ್ಲದೆ ಪಲ್ಯ ಪಲ್ಯವಾಗುವುದಿಲ್ಲ. ಎರಡು ದೊಡ್ಡ ಚಮಚ ಕಾಯಿತುರಿಯನ್ನು ಮೊಟ್ಟೆಗೆ ಮೊದಲು ತರಕಾರಿಯಲ್ಲಿ ಒಂದು ನಿಮಿಷ ಹುರಿಯಿರಿ. ಉಳಿದ ಸ್ವಲ್ಪ ನೀರಿದ್ದರೆ ತುರಿ ಅದನ್ನು ಹೀರಿಕೊಳ್ಳುತ್ತದೆ.

ವಾಸನೆ, ಉಪ್ಪು

ಮೊಟ್ಟೆ ವಾಸನೆ ಎಂದು ದೂರ ಸರಿಯುವವರಿಗೆ ಮಸಾಲೆ ಸುರಿಯುವುದು ಪರಿಹಾರವಲ್ಲ. ವಾಸನೆ ಹೆಚ್ಚುವುದು ಮೊಟ್ಟೆ ಹಳೆಯದಾದಾಗ ಅಥವಾ ಅತಿಯಾಗಿ ಬೆಂದು ಗಂಧಕದ ಅನಿಲ ಹೊರಬಂದಾಗ. ಹೊಸ ಮೊಟ್ಟೆ, ಸಣ್ಣ ಉರಿ, ಜಜ್ಜಿದ ಬೆಳ್ಳುಳ್ಳಿ, ಕೊನೆಯ ಕಾಳುಮೆಣಸು ಇಷ್ಟರಲ್ಲಿ ಅದು ಮುಗಿಯುತ್ತದೆ. ಗರಂ ಮಸಾಲೆ ಹಾಕಿದರೆ ಸೊಪ್ಪಿನ ರುಚಿಯೇ ಹೋಗುತ್ತದೆ.

ಉಪ್ಪು ಹೆಚ್ಚಾಗುವುದು ಬಹುಪಾಲು ಸೊಪ್ಪಿನಿಂದ: ಹಸಿ ಸೊಪ್ಪಿನ ರಾಶಿ ನೋಡಿ ಉಪ್ಪು ಹಾಕುತ್ತೇವೆ, ಅದು ಬಾಡಿ ಒಂದು ಮುಷ್ಟಿಯಾಗುತ್ತದೆ. ಹಾಗಾದರೆ ಇನ್ನೊಂದು ಮೊಟ್ಟೆಯನ್ನು ಉಪ್ಪಿಲ್ಲದೆ ಕಲಕಿ ಸೇರಿಸುವುದೊಂದೇ ದಾರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಮೇಲಿನ ಅಳತೆಯಲ್ಲಿ ಒಬ್ಬರಿಗೆ ಒಂದೂವರೆ ಗ್ರಾಂ ಚಿಲ್ಲರೆ ಬರುತ್ತದೆ. ಜೊತೆಗೆ ಉಪ್ಪಿನಕಾಯಿ ಬಡಿಸಿಕೊಂಡರೆ ಆ ಲೆಕ್ಕ ಅಲ್ಲಿಗೇ ಕೆಡುತ್ತದೆ.

ಹೊಟ್ಟೆಗೆ ಏನು ಸಿಗುತ್ತದೆ

ಎರಡು ಮೊಟ್ಟೆಯಿಂದ 12–13 ಗ್ರಾಂ ಪ್ರೋಟೀನ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದ ಪ್ರಕಾರ ದೊಡ್ಡವರಾದ ಗಂಡಸರಿಗೆ ದಿನಕ್ಕೆ 54 ಗ್ರಾಂ, ಹೆಂಗಸರಿಗೆ 46 ಗ್ರಾಂ ಪ್ರೋಟೀನ್ ಬೇಕು. ಅಂದರೆ ಹೆಚ್ಚುಕಡಿಮೆ ದಿನದ ಕಾಲು ಭಾಗ ಬೆಳಗಿನ ತಿಂಡಿಯಲ್ಲೇ ಸೇರಿತು. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನದ ತಿಂಡಿಯಲ್ಲಿ ಇಷ್ಟು ಪ್ರೋಟೀನ್ ಸಿಗುವುದಿಲ್ಲ, ಹನ್ನೊಂದಕ್ಕೇ ಹಸಿವಾಗುವುದಕ್ಕೆ ಅದೂ ಒಂದು ಕಾರಣ. ಅದೇ ಸಂಸ್ಥೆ ದಿನಕ್ಕೆ 400 ಗ್ರಾಂ ತರಕಾರಿ ತಿನ್ನಲು ಹೇಳುತ್ತದೆ. ಈ ಪಲ್ಯದಲ್ಲಿ ಒಬ್ಬರಿಗೆ 100 ಗ್ರಾಂ ದಾಟುತ್ತದೆ. ಮೊಟ್ಟೆಯಲ್ಲಿ ನಾರೂ ಇಲ್ಲ, ಸಿ ಜೀವಸತ್ವವೂ ಇಲ್ಲ. ನಾರನ್ನು ತರಕಾರಿ ಕೊಡುತ್ತದೆ, ಸಿ ಜೀವಸತ್ವದ ಒಂದು ಪಾಲು ಬೇಯುವಾಗ ಹಾಳಾಗುವುದರಿಂದ ಕೊನೆಯ ನಿಂಬೆರಸ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಆ ಹುಳಿ ನೆರವಾಗುತ್ತದೆ. ತಿಂಡಿಯ ಜೊತೆಯಲ್ಲೇ ಕುಡಿಯುವ ಕಾಫಿ, ಚಹಾ ಅದಕ್ಕೆ ಅಡ್ಡ ಬರುತ್ತವೆ, ಒಂದು ಗಂಟೆ ಬಿಟ್ಟು ಕುಡಿಯಿರಿ.

ನುಗ್ಗೆಸೊಪ್ಪನ್ನು ಎಲ್ಲ ಕಾಯಿಲೆಗೂ ಮದ್ದು ಎಂಬಂತೆ ಹೊಗಳುವುದು ಈಗ ಹೆಚ್ಚಾಗಿದೆ. 100 ಗ್ರಾಂ ಹಸಿ ಎಲೆಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇರುವುದು ನಿಜ. ಒಬ್ಬರ ತಟ್ಟೆಗೆ ಬರುವುದು 15 ಗ್ರಾಂ, ಅದರಲ್ಲಿ 45 ಮಿಲಿಗ್ರಾಂ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. ಒಳ್ಳೆಯ ಸೊಪ್ಪು, ವಾರಕ್ಕೆರಡು ಸಲ ತಿನ್ನಿ, ಹಾಲು ಮೊಸರು ರಾಗಿಯನ್ನು ಅದಕ್ಕಾಗಿ ಬಿಡಬೇಡಿ.

ಹಳದಿಯನ್ನು ಎಸೆದು ಬಿಳಿ ಮಾತ್ರ ಹಾಕುವವರ ಬಗ್ಗೆ ನನಗೆ ಬೇಸರವಿದೆ. ಎ, ಡಿ, ಬಿ12 ಜೀವಸತ್ವಗಳು, ಕೋಲೀನ್, ಕಬ್ಬಿಣಾಂಶದ ಬಹುಪಾಲು ಇರುವುದೇ ಹಳದಿಯಲ್ಲಿ. ಕ್ಯಾರೆಟ್ ಮತ್ತು ಸೊಪ್ಪಿನ ಕ್ಯಾರೋಟೀನ್ ಹೀರಿಕೊಳ್ಳಲು ಕೊಬ್ಬು ಬೇಕು, ಆ ಕೊಬ್ಬೂ ಹಳದಿಯದೇ. ಒಂದು ಮೊಟ್ಟೆಯಲ್ಲಿ 180–200 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ, ಅಷ್ಟೂ ಹಳದಿಯಲ್ಲಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ವೈದ್ಯರು ಹೇಳಿದ ಲೆಕ್ಕದಲ್ಲೇ ತಿನ್ನಲಿ. ಅವರಿಗೂ ಒಂದು ಪೂರ್ತಿ ಮೊಟ್ಟೆ, ಇನ್ನೊಂದರ ಬಿಳಿ ಎಂದು ಹೊಂದಿಸಬಹುದು. ಬಿಳಿ ಹೆಚ್ಚಾದಷ್ಟೂ ಪಲ್ಯ ಬೇಗ ಗಟ್ಟಿಯಾಗುತ್ತದೆ, ಅರ್ಧ ನಿಮಿಷ ಮುಂಚೆ ಆರಿಸಿ.

ಮಕ್ಕಳಿಗೆ ಪಡ್ಡು ಹಂಚಿನಲ್ಲಿ

ಪಲ್ಯದಲ್ಲಿ ಸೊಪ್ಪನ್ನು ಆರಿಸಿ ಬದಿಗಿಡುವ ಮಕ್ಕಳು ಪಡ್ಡು ರೂಪದಲ್ಲಿ ಕೊಟ್ಟರೆ ತಿನ್ನುತ್ತಾರೆ. ಇಲ್ಲಿ ಅಳತೆ ಬದಲಾಗುತ್ತದೆ: 4 ಮೊಟ್ಟೆಗೆ ತರಕಾರಿ 100 ಗ್ರಾಂ ಮಾತ್ರ. ಅದಕ್ಕಿಂತ ಹೆಚ್ಚಾದರೆ ತಿರುವಿ ಹಾಕುವಾಗ ಒಡೆಯುತ್ತದೆ. ತರಕಾರಿಯನ್ನು ಮೇಲಿನಂತೆಯೇ ಹುರಿದು ಒಣಗಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ. ಬಿಸಿ ತರಕಾರಿಯನ್ನು ಮೊಟ್ಟೆಗೆ ಸುರಿದರೆ ಪಾತ್ರೆಯಲ್ಲೇ ಗಂಟು ಕಟ್ಟುತ್ತದೆ. ಬೇಕಾದರೆ ಒಂದು ದೊಡ್ಡ ಚಮಚ ಕಡಲೆಹಿಟ್ಟು ಸೇರಿಸಿ, ಆರಿದ ಮೇಲೂ ಕುಸಿಯದೆ ಆಕಾರ ಹಿಡಿದಿರುತ್ತದೆ. ಹಂಚು ಕಾಯಿಸಿ ಕುಳಿಗೊಂದು ಕಾಲು ಚಮಚ ಎಣ್ಣೆ ಹಾಕಿ, ಮುಕ್ಕಾಲು ಕುಳಿ ತುಂಬುವಷ್ಟು ಹುಯ್ಯಿರಿ. ಉಬ್ಬಿ ಮೇಲೆ ಬರುವುದರಿಂದ ಪೂರ್ತಿ ತುಂಬಬಾರದು. ಮುಚ್ಚಿ ಸಣ್ಣ ಉರಿಯಲ್ಲಿ ಮೂರು ನಿಮಿಷ, ತಿರುವಿ ಒಂದೂವರೆ ನಿಮಿಷ. ಸಾಮಾನ್ಯ ಗಾತ್ರದ ಹಂಚಿನಲ್ಲಿ ಹನ್ನೆರಡರಿಂದ ಹದಿನಾಲ್ಕು ಪಡ್ಡು ಆಗುತ್ತವೆ. ತೆಗೆದ ಮೇಲೆ ಉಬ್ಬು ಇಳಿಯುವುದು ಸಹಜ.

ಡಬ್ಬಿಗೆ ಹಾಕುವುದಾದರೆ ಒಂದು ಮಾತು. ಬೇಯಿಸಿದ ಮೊಟ್ಟೆಯ ತಿಂಡಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೇಸಿಗೆಯಲ್ಲಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಊಟದ ಡಬ್ಬಿಗೆ ಇದನ್ನು ಕಳಿಸಲೇಬೇಡಿ. ಶಾಲೆಗೆ ಹೊರಡುವ ಮೊದಲೇ ತಿನ್ನಿಸಿ. ಉಳಿದದ್ದನ್ನು ಆರಿದ ಕೂಡಲೇ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೆ ಬರುತ್ತದೆ, ಆದರೆ ಮತ್ತೆ ಬಿಸಿ ಮಾಡಿದ ಪಲ್ಯ ಎಷ್ಟು ಜೋಪಾನ ಮಾಡಿದರೂ ನೀರು ಬಿಡುತ್ತದೆ. ಅದರ ಬದಲು ಹುರಿದು ಒಣಗಿಸಿದ ತರಕಾರಿಯನ್ನೇ ಎರಡು ದಿನಕ್ಕಾಗುವಷ್ಟು ಮಾಡಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಬಾಣಲೆಯಲ್ಲಿ ಎರಡು ನಿಮಿಷ ಬಿಸಿ ಮಾಡಿ, ಗೆರೆ ಎಳೆದು ನೋಡಿ, ಮೊಟ್ಟೆ ಸುರಿದರೆ ಐದು ನಿಮಿಷದಲ್ಲಿ ತಿಂಡಿ ಸಿದ್ಧ.